ಇಲಿ ಓಡಿಸುವ ಪೆಟ್ಟಿಗೆ

ಕಣಜಗಿರಿಯ ಕಟ್ಟಳೆ ಒಂದೇ: ಇದ್ದದ್ದನ್ನು ಇಲ್ಲವೆನ್ನಬಾರದು. ಅರಸನಿಂದ ಅಗಸನವರೆಗೆ ಎಲ್ಲರೂ ಅದನ್ನು ಮುರಿದ ವರ್ಷ ಊರಲ್ಲಿ ಡಂಗುರ ಮೊಳಗಿತು.

"ಕೇಳಿರಪ್ಪೋ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಕಣಜದ ಒಡೆತನ, ಜೊತೆಗೆ ಅವಳ ಕೈ. ತಪ್ಪಿದವನಿಗೆ ತಲೆದಂಡ!"

ಅರಮನೆಗೆ ಕರೆಂಟು ಬಂದ ಹೊಸತು. ದೂರದ ವರ್ತಕನೊಬ್ಬ ಅಂಗೈಯಗಲದ ಪೆಟ್ಟಿಗೆಗಳನ್ನು ತಂದಿದ್ದ. ಪ್ಲಗ್ಗಿಗೆ ಸಿಕ್ಕಿಸಿದರೆ ಮನುಷ್ಯರ ಕಿವಿಗೆ ಬೀಳದ ಸದ್ದು ಹೊರಟು ಇಲಿಗಳು ಊರು ಬಿಡುತ್ತವೆ ಎಂದಿದ್ದ. ಅರಸ ವೀರಕಂಠ ನಂಬಿ, ಇಲಿಯೇ ಇಲ್ಲವೆಂದು ಸಾರಿಸಿದ. ಬಿತ್ತನೆಯ ರಾಗಿ ದಿನದಿನಕ್ಕೂ ಕರಗುತ್ತಿದ್ದರೂ ಎಲ್ಲರೂ ಹೌದು ಹೌದೆಂದರು.

ದಳವಾಯಿಯ ಮಗ, ಮಂತ್ರಿಯ ಮಗ ಇಬ್ಬರ ಬೆನ್ನಿಗೇ ಗಾರೆ ಕೆಲಸದ ಹುಲುಗಪ್ಪನೂ ಸುಣ್ಣದ ಕೈಯಲ್ಲೇ ಕಣಜದ ಪಡಸಾಲೆಗೆ ಬಂದ. ಅವನಿಗೆ ಅಂಜಿಕೆಯಿರಲಿಲ್ಲ; ಗೋಡೆಗಳ ಗುಟ್ಟು ಅವನಿಗೆ ಗೊತ್ತಿತ್ತು.

"ಕದವಿಲ್ಲದ ಬಾಗಿಲು," ಎಂದಳು ಪದುಮಲೆ. "ಹೆಬ್ಬೆರಳು ಹೊಕ್ಕರೆ ಸಾಕು, ಇಡೀ ಸಂಸಾರವೇ ಹೊಕ್ಕೀತು. ಏನದು?"

"ಉಂಗುರ!" ಎಂದ ದಳವಾಯಿಯ ಮಗ.

"ನಿನಗೆ ಮದುವೆಯದೇ ಧ್ಯಾನ," ಎಂದಳು. ಭಟರು ಅವನನ್ನು ಕಟ್ಟಿದರು.

"ಇಲಿಯ ಬಿಲ, ತಾಯಿ," ಎಂದ ಹುಲುಗಪ್ಪ.

"ಎರಡನೆಯದು. ಹಸಿವಿಲ್ಲದಿದ್ದರೂ ಕಡಿಯುತ್ತಾನೆ. ಕಡಿಯದೆ ಬಿಟ್ಟರೆ ಅವನ ಆಯುಧವೇ ಅವನನ್ನು ಕೊಲ್ಲುತ್ತದೆ. ಯಾರವನು?"

ಮಂತ್ರಿಯ ಮಗ "ಸೈನಿಕ!" ಎಂದು ತಾನೂ ಹಗ್ಗ ಕಂಡ.

"ಇಲಿರಾಯ. ಹಲ್ಲು ಬೆಳೀತಾನೇ ಇರ್ತದೆ, ಸವೆಸದಿದ್ರೆ ಬಾಯಿ ಮುಚ್ಚೋಕಾಗಲ್ಲ," ಎಂದ ಹುಲುಗಪ್ಪ.

"ಕೊನೆಯದು. ಅದು ಕೂಗುತ್ತದೆ, ನಮಗೆ ಕೇಳದು. ಯಾರನ್ನು ಓಡಿಸಲು ಕೂಗುತ್ತದೋ ಅವರೇ ಅದರ ಮಗ್ಗುಲಲ್ಲಿ ಮಲಗುತ್ತಾರೆ."

ಅರಸ ಧಡಕ್ಕನೆ ಎದ್ದ. "ಹುಲುಗಾ, ಗೊತ್ತಿಲ್ಲ ಅಂದುಬಿಡು. ತಲೆ ಉಳಿಸ್ತೀನಿ, ಹೊಲವನ್ನೂ ಕೊಡ್ತೀನಿ. ಗೊತ್ತು ಅಂದರೆ ಜೋಕೆ!"

ಕತ್ತಿ ಹಿಡಿದ ಭಟ ಒಂದು ಹೆಜ್ಜೆ ಮುಂದೆ ಬಂದ.

"ಗೊತ್ತಿರೋದನ್ನ ಗೊತ್ತಿಲ್ಲ ಅನ್ನಲಾರೆ, ಬುದ್ದಿ."

ಹುಲುಗಪ್ಪ ಗೋಡೆಗೆ ಒರಗಿಸಿದ್ದ ರಾಗಿಚೀಲವನ್ನು ಸರಸರನೆ ಎಳೆದ. ಹಿಂದೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಅದರ ಕೆಳಗಿನ ಬಿಲದಲ್ಲಿ ಬಾಣಂತಿ ಇಲಿಯೊಂದು ಆರು ಮರಿಗಳಿಗೆ ಹಾಲೂಡುತ್ತಿತ್ತು.

"ಮೊದಮೊದಲು ಬೆದರಿದ್ದಾವು, ಆಮೇಲೆ ಒಗ್ಗಿಕೊಂಡವು. ಚೀಲ ಅಡ್ಡ ಬಂದ್ರೆ ಆ ಸದ್ದು ದಾಟೋದೂ ಇಲ್ಲ. ಪೆಟ್ಟಿಗೆ ಬೆಚ್ಚಗಿದೆ, ಎದುರಿಗೇ ರಾಗಿ. ಬಾಣಂತನಕ್ಕೆ ಇನ್ನೇನು ಬೇಕು?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಪಡಸಾಲೆಯೇ ನಕ್ಕಿತು.

"ಒಗಟು ನನ್ನದು, ತೀರ್ಪೂ ನನ್ನದು," ಎಂದಳು ಪದುಮಲೆ. "ಮೂರೂ ಸರಿ. ಕಣಜ ಇವನದು. ಕೈಯನ್ನು ನಾನೇ ಕೊಡುತ್ತಿದ್ದೇನೆ. ಆ ಇಬ್ಬರ ಹಗ್ಗ ಬಿಚ್ಚಿ, ನಾಳೆಯಿಂದ ಅವರು ಇವನಿಗೆ ಗಾರೆ ಕಲಸಿಕೊಡಲಿ."

ಅರಸ ಮೀಸೆ ತಡವಿದ. "ಹಾಗಾದರೆ ಆ ಪೆಟ್ಟಿಗೆ ದಂಡವೇನೋ?"

"ದಂಡ ಯಾಕೆ, ಬುದ್ದಿ?"

ಹುಲುಗಪ್ಪ ತಾಯಿ ಮರಿಗಳನ್ನು ಬುಟ್ಟಿಗೆ ತುಂಬಿ ಹಳ್ಳದಾಚೆಗೆ ಕಳಿಸಿದ. ಪೆಟ್ಟಿಗೆಯನ್ನು ಪ್ಲಗ್ಗಿನಿಂದ ಕಿತ್ತು ಬಿಲದೊಳಗೆ ಬಿಗಿಯಾಗಿ ತುರುಕಿದ. ಇಲಿ ಮತ್ತೆ ಕಡಿಯದಂತೆ ಗಾಜಿನ ಚೂರು ಬೆರೆಸಿದ ಗಾರೆಯನ್ನು ಅದರ ಮೇಲೆ ಮೆತ್ತಿ, ಕರಣೆಯಿಂದ ನುಣ್ಣಗೆ ಸವರಿದ.