ಕಿವಿ ಮುಚ್ಚೋ ಮುಂಚೆ ಒಂದು ಹೊಸ ಹಾಡು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿ ನಿನ್ನ ಹಂಗೆ ತೊಡೆ ಮೇಲೆ ಮಲಗಿ ಕತೆ ಕೇಳ್ತಿದ್ದ ಕಾಲದಲ್ಲಿ, ಹೊಳೆ ದಂಡೆ ಊರಲ್ಲಿ ಗುರುಸಿದ್ದಮ್ಮ ಅಂತ ಒಬ್ಬಳು ಅರಿಶಿನದ ವ್ಯಾಪಾರಗಾರ್ತಿ ಇದ್ದಳಂತೆ. ಅವಳ ಬೀದೀಲಿ ನಡೆದರೆ ಸಾಕು, ಅಂಗಾಲೆಲ್ಲ ಹಳದಿಯಾಗೋದಂತೆ. ಗಂಡ ಇಲ್ಲ, ಮೂರು ಮಕ್ಕಳು, ರುದ್ರಣ್ಣ, ಈರಣ್ಣ, ಕೊನೇದು ನೀಲಿ. ನೀಲಿ ಮಾತು ಕಮ್ಮಿ, ಕಂಬದ ಹಿಂದೆ ನಿಂತು ಎಲ್ಲಾ ನೋಡೋಳಂತೆ.

ಒಂದು ವರ್ಷ ಗುರುಸಿದ್ದಮ್ಮನ ಕಿವಿ ಮಂದ ಆಗ್ತಾ ಬಂತಂತೆ. ವೈದ್ಯರು ನೋಡಿ, ಯುಗಾದಿ ಹೊತ್ತಿಗೆ ಪೂರಾ ಮುಚ್ಚಿಹೋಗುತ್ತೆ ತಾಯಿ ಅಂದರಂತೆ. ಆಮೇಲೆ ಅವಳು ಮಕ್ಕಳನ್ನ ಕೂರಿಸ್ಕೊಂಡು, ಇಷ್ಟು ದಿನ ಬೇರೆಯೋರು ಕೇಳಿ ಬಿಟ್ಟ ಹಾಡುಗಳನ್ನೇ ಕೇಳಿದ್ದೀನಿ ಕಣ್ರಪ್ಪ, ಯಾರ ಕಿವಿಗೂ ಬೀಳದ ಹಾಡು ಒಂದು ಕೇಳಬೇಕು ಅಂದಳಂತೆ.

ರುದ್ರಣ್ಣ ದೊಡ್ಡ ವಿದ್ವಾಂಸರ ಮುಂದೆ ತಟ್ಟೆ ತುಂಬ ಹೊನ್ನು ಸುರಿದು, ಒಂಬತ್ತು ದಿನದಲ್ಲಿ ಹಾಡಾಗಬೇಕು, ನಮ್ಮ ಮನೆತನದ ಹೆಸರು ಅದರಲ್ಲಿ ಇರಬೇಕು ಅಂದನಂತೆ. ಹಾಡು ಬಂತು. ಅವ್ವ ಎರಡು ಸಾಲು ಕೇಳಿ, ಲೋ ರುದ್ರ, ಇದು ನನ್ನ ಮದುವೇಲಿ ಹಾಡಿದ್ದೇ ಕಣೋ, ನಮ್ಮ ಹೆಸರಿನ ರವಿಕೆ ತೊಡಿಸವ್ರೆ ಅಷ್ಟೆ ಅಂದಳಂತೆ.

ಆಮೇಲೆ ಈರಣ್ಣ ಮೂರು ಜನ ವಿದ್ವಾಂಸರನ್ನ ಕರೆಸಿ, ಯಾರ ಹೊಸ ಹಾಡು ಮೇಲು ಅಂತ ಪಂದ್ಯ ಇಟ್ಟನಂತೆ. ಗೆದ್ದ ಹಾಡು ಎಷ್ಟು ಕಷ್ಟ ಅಂದ್ರೆ ಹಾಡಿದೋರ ಕುತ್ತಿಗೆ ನರ ಹಗ್ಗದ ಹಂಗೆ ಎದ್ದಿತ್ತಂತೆ. ಹಾಡು ಹೊಸದೇ ಮಗ, ಆದ್ರೆ ಅವರು ಒಬ್ಬರಿಗೊಬ್ಬರು ಹಾಡಿಕೊಂಡರು, ನನಗಲ್ಲ ಅಂದಳಂತೆ ಅವ್ವ.

ಉಳಿದೋಳು ನೀಲಿ. ಹೊಳೆ ಮೆಟ್ಟಿಲ ಮೇಲೆ ಶ್ರೀಕಂಠಯ್ಯ ಅನ್ನೋ ಬಡ ವೈಣಿಕರು ದಿನಾ ಏನೋ ಗುನುಗ್ತಾ, ಅರ್ಧಕ್ಕೇ ಬಿಟ್ಟು ಎದ್ದು ಹೋಗೋದನ್ನ ಅವಳು ಕಂಡಿದ್ದಳಂತೆ. ಹೋಗಿ, ಅವ್ವಂಗೆ ಒಂದು ಹಾಡು ಕಟ್ಟಿಕೊಡಿ ಅಂತ ಕೇಳಿದರೆ ಅವರು, ಯಾವಾಗ ಆಗುತ್ತೋ ಹೇಳಲಾರೆ ತಾಯಿ, ಅನ್ನ ಇಟ್ಟೋರೆಲ್ಲ ಸಂಜೆ ಆಗೋದ್ರೊಳಗೆ ಆಯ್ತಾ ಅಂತಾರೆ, ಹಂಗಂದ್ರೆ ಬಂದಿದ್ದ ಹಾಡೂ ಓಡಿಹೋಗುತ್ತೆ ಅಂದರಂತೆ. ನಾನು ಆಯ್ತಾ ಅಂತ ಕೇಳಲ್ಲ ಬನ್ನಿ ಅಂದಳಂತೆ ನೀಲಿ.

ಅವ್ವನ ಕೋಣೆ ಪಕ್ಕದ ಕೋಣೆ ಅವರಿಗೆ ಬಿಟ್ಟುಕೊಟ್ಟು, ಅಕ್ಕಿ, ತುಪ್ಪ, ವೀಣೆಗೆ ತಂತಿ, ಎಲ್ಲಾ ಹೊತ್ತು ಹೊತ್ತಿಗೆ ಕೊಟ್ಟಳಂತೆ. ಗೌರಿ ಹಬ್ಬ ಬಂತು, ಅವ್ವಂಗೆ ಗುಬ್ಬಿ ಸದ್ದು ಕೇಳಿಸದಂಗಾಯ್ತು. ದೀಪಾವಳಿ ಬಂತು, ಅರಿಶಿನ ಕುಟ್ಟೋ ಒನಕೆ ಸದ್ದೂ ಹೋಯ್ತು. ಸಂಕ್ರಾಂತಿಗೆ ಎತ್ತಿನ ಕೊರಳ ಗಂಟೆನೂ ಹೋಯ್ತು. ಏನಮ್ಮಾ ನೀಲಿ, ನಿಮ್ಮ ಅಯ್ಯನೋರ ಹಾಡು ಇನ್ನೂ ಕೋಳಿ ಹಂಗೆ ಕಾವಿಗೆ ಕೂತೈತಾ ಅಂತ ಅಣ್ಣಂದಿರು ರೇಗಿಸೋರಂತೆ. ಒಂದಿನ ಅವಳು ಕೇಳಿಯೇಬಿಡ್ತೀನಿ ಅಂತ ಬಾಗಿಲವರೆಗೂ ಹೋಗಿ, ಮಜ್ಜಿಗೆ ಚೆಂಬು ಇಟ್ಟು ಹಂಗೇ ತಿರುಗಿ ಬಂದಳಂತೆ. ಈಗ ಹಂಗೆ ಬಾಯಿ ಕಟ್ಟಿ ಕಾಯೋರು ಎಲ್ಲಿದ್ದಾರೆ ಹೇಳು.

ಯುಗಾದಿ ಹಿಂದಿನ ದಿನ ಶ್ರೀಕಂಠಯ್ಯನೋರು ಬಂದು, ಆಯ್ತು ತಾಯಿ ಅಂದರಂತೆ. ನೀಲಿ ಓಡಿಹೋಗಿ, ಅವ್ವಾ ಅಂದಳು, ಇನ್ನೊಂದು ಸಲ ಅಂದಳು, ಮೂರನೇ ಸಲ ಕೂಗಿದರೂ ಅವ್ವ ತಿರುಗಲಿಲ್ಲವಂತೆ. ಒಂದು ಸಲ ಆಯ್ತಾ ಅಂತ ಕೇಳಿದ್ರೆ ಏನಾಗ್ತಿತ್ತು, ಹದಿನೈದು ದಿನ ಮುಂಚೆ ಆಗ್ತಿತ್ತೇನೋ ಅಂತ ನೀಲಿ ಒಳಗೇ ಕೊರಗಿದಳಂತೆ.

ಆದರೂ ಶ್ರೀಕಂಠಯ್ಯನೋರು ಅವ್ವನ ಮುಂದೆ ಕೂತು ನುಡಿಸ್ತಾ ಹಾಡಿದರಂತೆ. ಅವ್ವ ಅವರ ಬೆರಳನ್ನೇ ನೋಡ್ತಾ ಕೂತಳು. ಎರಡನೇ ಸಾಲಿಗೆ ಅವಳ ತುಟಿ ಆಡಿತು. ಮೂರನೇ ಸಾಲಿಗೆ, ಒಡಕು ದನೀಲಿ, ಜೊತೆಗೇ ಹಾಡಿದಳಂತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹಂಗೇನ್ ನೋಡ್ತೀರಿ, ದಿನಾ ಗೋಡೆಗೆ ಬೆನ್ನು ಕೊಟ್ಟು ಕೂತು ಅದು ಹುಟ್ಟೋದನ್ನೇ ಕೇಳಿದ್ದೀನಿ, ಕಿವಿ ಮಂದ ಆದಷ್ಟೂ ಗೋಡೆಗೆ ಅಂಟಿಕೊಂಡೆ ಅಂತ ಹೇಳಿ, ಮತ್ತೆ ಹಾಡೋಕೆ ಹಿಡಿದಳಂತೆ.

ಕೊನೆ ಚರಣದಲ್ಲಿ ಮಾತ್ರ ಅವಳು ಬೇರೆ ದಾರಿ ಹಿಡಿದಳು. ಅಯ್ಯನೋರು ದೀಪಾವಳೀಲಿ ಕಟ್ಟಿ, ಸರಿಯಿಲ್ಲ ಅಂತ ಬಿಸಾಕಿದ್ದ ಸಾಲು ಅದು. ಅವರು ಕೈ ನಿಲ್ಲಿಸಿದರು. ವೀಣೆ ನಿಂತಿದ್ದು ಅವಳಿಗೆಲ್ಲಿ ಗೊತ್ತಾಗಬೇಕು, ಒಬ್ಬಳೇ ಹಾಡ್ತಾ ಹೋದಳಂತೆ. ಮುಗಿದ ಮೇಲೆ ಅವರು ನೀಲಿ ಕಡೆ ತಿರುಗಿ, ಇದನ್ನ ಬಿಟ್ಟು ಎಂಥಾ ತಪ್ಪು ಮಾಡಿದ್ದೆ ನೋಡು ತಾಯಿ ಅಂದು, ಆ ಸಾಲನ್ನೇ ಉಳಿಸ್ಕೊಂಡರಂತೆ.

ಆಮೇಲೆ ಅವರು ಆ ಕೋಣೇಲೇ ಉಳಿದು ಇನ್ನೂ ಎಷ್ಟೋ ಹಾಡು ಕಟ್ಟಿದರಂತೆ, ನೀಲಿ ಒಂದಿನಾನೂ ಆಯ್ತಾ ಅನ್ನಲಿಲ್ಲವಂತೆ. ಅರಿಶಿನದ ಬೀದಿ ಹೆಣ್ಣುಮಕ್ಕಳೆಲ್ಲ ಆ ಹಾಡು ಕಲಿತು, ಹಬ್ಬ ಬಂದರೆ ಜಗಲಿ ಮೇಲೆ ಕೂತು ವೀಣೆ ಜೊತೆ ಹಾಡೋರಂತೆ. ಅವ್ವ ಉಳಿಸಿದ ಆ ಸಾಲು ಬಂದಾಗ ಮಾತ್ರ ವೀಣೆ ನಿಲ್ಲಿಸಿ, ಬರೀ ಬಾಯಲ್ಲಿ ಹಾಡೋರಂತೆ. ಅಲ್ಲಿಗೆ ಕತೆ ಮುಗೀತು, ಕಾಲು ಒಳಗೆ ಎಳ್ಕೋ ಕಂದ, ಕಂಬಳಿ ಹೊದಿಸ್ತೀನಿ.