ಗೊರವಂಕದ ಕೊಕ್ಕಿನ ಬಿಳಿ ಗಂಟು

"ಗಲೀಜಿನ ಮೇಲೆ ಹೊಸ ಹುಲ್ಲು ಹಾಕಿದ್ರೆ ಸಾಕಲ್ವಾ ಅಜ್ಜಿ? ಕೆಳಗಿನದು ಯಾರಿಗೆ ಕಾಣುತ್ತೆ?"

ಅಂತೀಯಾ ಶಾಲ್ಮಲಿ? ನಿನ್ನ ಲವ್‌ಬರ್ಡ್ಸ್ ಮರಿಗಳ ಪೆಟ್ಟಿಗೆಗೆ ಈಗಲೇ ಹುಲ್ಲು ತುರುಕಬೇಡ, ಸೋಮಾರಿ! ಮೊದಲು ಇದನ್ನು ಕೇಳು.

ಲೋಕ ಇನ್ನೂ ಹೊಸದಾಗಿತ್ತು. ನದಿಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಒಂದು ಮರದ ಪೊಟರೆಯಲ್ಲಿ ಮೊದಲ ಗೊರವಂಕ, ಅದೇ ನಮ್ಮ ಮೈನಾ ಹಕ್ಕಿ, ಮರಿ ಮಾಡಿತು. ಮರಿಗಳು ತಿಂದವು, ಹಿಕ್ಕೆ ಹಾಕಿದವು. ತಾಯಿ ಅದರ ಮೇಲೆ ಹುಲ್ಲು ಹಾಸಿತು. ಮತ್ತೆ ತಿಂದವು, ಮತ್ತೆ ಹಾಕಿದವು. ಮತ್ತೆ ಹುಲ್ಲು ಹಾಸಿತು. "ನನ್ನ ಮನೆಯಷ್ಟು ಚೆಂದ ಯಾರದ್ದಿದೆ?" ಎಂದು ಬೀಗಿತು. ಮೇಲೆ ಥಳುಕು, ಒಳಗೆ ಹುಳುಕು!

ಹಾಸು ದಪ್ಪವಾದಂತೆಲ್ಲ ಮರಿಗಳು ಮೇಲೆ ಬಂದವು. ಕೊನೆಗೆ ಅವುಗಳ ಬೋಳು ತಲೆ ಪೊಟರೆಯ ಬಾಯಿಗೇ ಬಂತು.

ಒಂದು ದಿನ ಗಾಳಿ ಓಡಿ ಬಂತು. "ಗೊರವಂಕಮ್ಮ, ಈ ನಾತ ಎಲ್ಲಿಂದ ಅಂತ ಕೇರೆಹಾವು ಕೇಳ್ತು. ನಿನ್ನ ಪೊಟರೆಯಿಂದ ಅಂದೆ. ಹೊರಟುಬಿಟ್ಟಿದೆ!"

"ಅಯ್ಯೋ ಗಾಳಿಯಣ್ಣ, ಯಾಕೆ ಹೇಳಿದೆ?"

"ನನಗೆ ಸುಳ್ಳು ಹೇಳೋಕೆ ಬರಲ್ಲ ತಾಯಿ. ನೀನು ಕೊಟ್ಟಿದ್ದನ್ನೇ ಹೊತ್ತೆ."

ಅಷ್ಟರಲ್ಲಿ ದೂರದ ನೆಲದ ಹುಲ್ಲು ಸರಸರ ಎಂದಿತು. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ತಾಯಿ ಗಲೀಜಿನ ಒಂದು ಹೆಂಟೆ ಕಿತ್ತು ನದಿಗೆ ಹಾರಿತು.

"ನದಿಯಕ್ಕ, ಇದನ್ನ ನಿನ್ನ ದಡದಲ್ಲಿ ಹಾಕಲಾ?"

"ಹಾಕು, ಹಾಕು. ಬೇಗ ಹೋಗು!"

ಮರಳಿದಾಗ ಹಾವು ಮರದ ಬುಡದಲ್ಲಿತ್ತು. ಇನ್ನೊಂದು ಹೆಂಟೆ. ಮರಳಿದಾಗ ಹಾವು ಕಾಂಡದ ಮೇಲಿತ್ತು. ಮತ್ತೊಂದು ಹೆಂಟೆ. ಹಾಸು ಕರಗಿದಂತೆ ಮರಿಗಳು ಕೆಳಗೆ, ಕತ್ತಲೆಗೆ ಇಳಿದವು. ಪೊಟರೆಯ ಗಲೀಜೆಲ್ಲ ಖಾಲಿಯಾಯಿತು. ಹಾವು ಪೊಟರೆಯ ಕೆಳಗಿನ ಕೊಂಬೆಗೇ ಬಂದಿತ್ತು.

ಆಗಲೇ ಕಿರಿಯ ಮರಿ ಅತ್ತಿತು. "ಅಮ್ಮಾ, ತಡೆಯೋಕೆ ಆಗ್ತಿಲ್ಲ!"

"ಕೆಳಗೆ ಹಾಕಬೇಡ ಕಂದಾ. ತಿರುಗು, ನನ್ನ ಕೊಕ್ಕಿಗೇ ಕೊಡು."

ಮರಿ ತಿರುಗಿ ಬಾಲ ಎತ್ತಿತು. ಹೆದರಿಕೆಗೆ ಹಿಕ್ಕೆಯೂ ಬಿಗಿದುಕೊಂಡು, ಬಿಳಿ ಪೊರೆ ಹೊದ್ದ ಪುಟ್ಟ ಗಂಟಾಗಿ ಬಂತು. ತಾಯಿ ಅದನ್ನು ಕಚ್ಚಿಕೊಂಡು ಹಾವಿನ ಮೂಗಿನ ಮುಂದೆಯೇ ಹಾರಿಹೋಯಿತು.

ಹಾವು ಪೊಟರೆಗೆ ನಾಲಗೆ ಚಾಚಿತು. ನಾತವೇ ಇಲ್ಲ, ಕತ್ತಲಲ್ಲಿ ಕೆಳಗಿದ್ದ ಮರಿಗಳೂ ಕಾಣಲಿಲ್ಲ. "ಗಾಳೀ, ನಾತ ಈಗ ಎಲ್ಲಿದೆ?"

ಗಾಳಿಗೆ ಸುಳ್ಳು ಬರುವುದಿಲ್ಲವಲ್ಲ. "ನದಿ ದಡದಲ್ಲಿ," ಎಂದಿತು.

ಹಾವು ಸರ್ರನೆ ಇಳಿದು ಹೋಯಿತು.

ಇವತ್ತು ಬೆಳಿಗ್ಗೆ ನಮ್ಮ ಗೋಡೆಯ ತೂತಿನಿಂದ ಗೊರವಂಕ ಬಿಳಿ ಗಂಟು ಕಚ್ಚಿಕೊಂಡು ದೂರ ಹಾರಿದ್ದನ್ನು ನೋಡಿದೆಯಲ್ಲ, ಅದು ಅಂದಿನಿಂದ ಬಂದ ರೂಢಿ. ಪಂಜರದ ತಾಯಿಗೆ ಅಷ್ಟು ದೂರ ಹಾರುವ ಭಾಗ್ಯವಿಲ್ಲ, ಪಾಪ, ಅದು ನಿನ್ನ ಕೈಯನ್ನೇ ನಂಬಿಕೊಂಡಿದೆ. ಏಳು ಮಗಳೇ, ಪೆಟ್ಟಿಗೆಯ ಅಂಚಿನಲ್ಲಿ ಇರುವೆ ಸಾಲು ಕಾಣುತ್ತಿದೆ ನೋಡು, ಗಾಳಿ ಆಗಲೇ ಹೇಳಿಬಿಟ್ಟಿದೆ.