ಬಂಡೆಯ ಮೇಲೆ ಐದು ಜೋಡಿ ಕಣ್ಣು

“ಒಂದೇ ಮನಸ್ಸಿನವರು ಕೂಡಿದರೆ ಕೆಲಸ ಗಟ್ಟಿಯೋ, ಹತ್ತು ಕಡೆಯವರು ಕೂಡಿದರೆ ಗಟ್ಟಿಯೋ ಅಜ್ಜ?” ಎಂದು ಸುಗಂಧಿ ಕೇಳಿದಳು.

ಕೇಳಿದ್ದು ಐತಪ್ಪಜ್ಜನನ್ನು. ಬಲೆ ಹೆಣೆಯುವ, ಹರಿದ ಬಲೆ ಕಟ್ಟುವ ವಿದ್ಯೆಗೆ ಆ ಕಡಲ ಕರೆಯಲ್ಲಿ ಅವರೇ ಗುರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, ಶಾಲೆಯೇ ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದಿತ್ತು, ನಾನು ಕಡಲಲ್ಲಿದ್ದೆ, ಕಾದು ಕಾದು ಹಿಂದೆ ಹೋಯಿತು ಎನ್ನುವರು.

ಅಜ್ಜನ ಉತ್ತರಕ್ಕೆ ಮುಂಚೆ ಅಜ್ಜನ ಬಡಾಯಿ ಬರಬೇಕು. ಅದು ಬಂತು. ತನಗೆ ಹದಿನಾರು ವರ್ಷವಾದಾಗ ಎಳೆದ ಒಂದು ಬಲೆಗೆ ಎಷ್ಟು ಬಂಗುಡೆ ಬಿದ್ದಿತೆಂದರೆ, ಅಷ್ಟೂ ಮೀನು ದಡಕ್ಕೆ ಬಂದ ಮೇಲೆ ಸಮುದ್ರ ಒಂದು ಮೊಳ ಇಳಿದುಹೋಯಿತಂತೆ. ದೋಣಿಗಳು ನಿಂತಲ್ಲೇ ಮರಳಿಗೆ ಕೂತವಂತೆ. ಕಂಡವರು ಅರುವತ್ತು ಮಂದಿ. ಅವರಲ್ಲಿ ಈಗ ಒಬ್ಬರೂ ಇಲ್ಲ. ಇದ್ದಿದ್ದರೆ ಕರೆಸಿಯೇ ಹೇಳಿಸುತ್ತಿದ್ದೆ ಎಂದರು ಅಜ್ಜ, ಬಹಳ ಧೈರ್ಯದಿಂದ.

ಸುಗಂಧಿಗೆ ನಗುವ ಮನಸ್ಸಿರಲಿಲ್ಲ. ಆ ವರ್ಷ ಬಲೆ ಕಟ್ಟುವ ಚಪ್ಪರಕ್ಕೆ ಅವಳೇ ಯಜಮಾನಿ. ಅವಳ ಕೈಕೆಳಗೆ ಇಪ್ಪತ್ತು ಹೆಂಗಸರು. ಮೊದಲ ಬಾರಿಗೆ ದೊಡ್ಡದೊಂದು ದೋಣಿಯ ಇಡೀ ಬಲೆ ಅವರ ಕೈಗೆ ಬಂದಿತ್ತು. ಬಲೆ ಗೆದ್ದರೆ ಚಪ್ಪರ ಉಳಿಯುತ್ತದೆ. ಬಲೆ ಕಡಲಲ್ಲಿ ಬಿಚ್ಚಿಕೊಂಡರೆ ಹೆಂಗಸರ ಕೈಗೆ ಇನ್ನು ಯಾರೂ ಬಲೆ ಕೊಡುವುದಿಲ್ಲ. ಇಪ್ಪತ್ತು ಒಲೆಗಳ ಮಾತು.

ಚಪ್ಪರದಲ್ಲಿ ಒಂದು ಕಟ್ಟಳೆ ಉಂಟು. ಬಲೆ ಹೊರಡುವ ಮುಂಚೆ ಐವರು ಅದನ್ನು ತುದಿಯಿಂದ ತುದಿಯವರೆಗೆ ಕೈಯಲ್ಲಿ ಹಾಯಿಸಿ ನೋಡಬೇಕು. ಐವರೂ ಸರಿ ಎಂದರೆ ಮಾತ್ರ ಬಲೆ ದೋಣಿಗೆ. ಆ ಐವರನ್ನು ಆರಿಸುವುದು ಯಜಮಾನಿಯ ಕೆಲಸ. ಸುಗಂಧಿ ಆರಿಸಿದ್ದಳು. ಐವರೂ ಅವಳ ಓಣಿಯವರು. ಐವರೂ ಅವಳ ದೊಡ್ಡಮ್ಮನ ಕೈಯಲ್ಲಿ ಗಂಟು ಕಲಿತವರು. ಬೆಳಿಗ್ಗೆ ನೋಡಿ ಸರಿ ಎಂದಿದ್ದರು. ಒಬ್ಬಳೂ ತಡವರಿಸಿರಲಿಲ್ಲ.

ದ್ಯಾಮವ್ವ ಮಾತ್ರ ಸುಮ್ಮನಿರಲಿಲ್ಲ. ಅವಳು ಕೊಪ್ಪಳದ ಕಡೆಯವಳು. ಗಂಡ ದೋಣಿಯ ಕೆಲಸಕ್ಕೆ ಬಂದವನು, ಅವನ ಹಿಂದೆ ಬಂದವಳು. ಕಡಲು ನೋಡಿ ಮೂರು ವರ್ಷವೂ ಆಗಿಲ್ಲ. “ಯಕ್ಕಾ, ಈ ಹೊಸ ನೂಲು ನೀರಾಗ ನೆನೆದ್ರ ಗಂಟು ಜಾರತೈತಿ. ನನ್ನ ಕೈಯಾಗೂ ಒಮ್ಮೆ ಕೊಡ್ರಿ” ಎಂದು ಅವಳು ಎಲ್ಲರ ಮುಂದೆ ಹೇಳಿದಳು. ಐವರು ನಕ್ಕರು. ಹಗ್ಗ ಹೊಸೆದು ಎಮ್ಮೆ ಕಟ್ಟಿದವಳು ನಮಗೆ ಗಂಟು ಕಲಿಸಲು ಬಂದಳು ಎಂದರು. ಅವಳು ಕೈ ಹಾಕಿದರೆ ನಾವು ಎದ್ದುಹೋಗುತ್ತೇವೆ ಎಂದೂ ಹೇಳಿದರು. ಮಧ್ಯಾಹ್ನ ಬಲೆ ಒಯ್ಯಲು ಗಾಡಿ ಬರುವುದಿತ್ತು.

ಸುಗಂಧಿ ಇದನ್ನೆಲ್ಲ ಅಜ್ಜನಿಗೆ ಹೇಳಿದಳು. ತಾನು ಆರಿಸಿದ್ದು ಕೈಚಳಕ ನೋಡಿ, ಓಣಿ ನೋಡಿ ಅಲ್ಲ ಎಂದೂ ಹೇಳಿದಳು. ಅದನ್ನು ಎರಡು ಸಲ ಹೇಳಿದಳು.

ಅಜ್ಜ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಂಡೇಲನಿದ್ದ. ಬಲೆಯ ತಂಡಕ್ಕೆ ಅವನೇ ಒಡೆಯ. ಆಗ ಎಳೆಯುತ್ತಿದ್ದದ್ದು ರಂಪಣಿ ಎಂಬ ದೊಡ್ಡ ಬಲೆ. ದೋಣಿ ಹೋಗಿ ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು ಬರುತ್ತದೆ, ದಡದಲ್ಲಿ ನಿಂತವರು ಎರಡು ತುದಿ ಹಿಡಿದು ಎಳೆಯುತ್ತಾರೆ. ಹಿಂಡು ಎಲ್ಲಿದೆ ಎಂದು ದೋಣಿಯವನಿಗೆ ಕಾಣುವುದಿಲ್ಲ. ದಡದ ಬಂಡೆಯ ಮೇಲೆ ಒಬ್ಬ ನಿಂತು, ಹಿಂಡಿದ್ದಲ್ಲಿ ಕೆಂಪಗಾಗುವ ನೀರಿನ ಬಣ್ಣ ನೋಡಿ ಬಟ್ಟೆ ಬೀಸಬೇಕು. ಬಟ್ಟೆ ಬೀಸಿದ ಕಡೆಗೆ ದೋಣಿ.

ಮೊದಲು ಆ ಬಂಡೆ ಯಾರದೂ ಆಗಿರಲಿಲ್ಲ. ಕಂಡವನು ಹತ್ತುತ್ತಿದ್ದ. ಈ ತಂಡೇಲ ಬಂದ ಮೇಲೆ ಬಂಡೆ ಅವನ ಮನೆಗೆ ಸೇರಿತು. ಅವನೇನು ಕೆಟ್ಟವನಲ್ಲ. ಬಿರುಗಾಳಿಗೆ ಎದೆ ಕೊಟ್ಟವನು. ಆದರೆ ನಂಬಿಗಸ್ತರು ಬೇಕು ಎಂದ. ನಂಬಿಗಸ್ತರು ಎಂದರೆ ತನ್ನವರು ಎಂದುಕೊಂಡ. ಆ ಊರಿನಲ್ಲಿ ಪಟ್ಟ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ. ಅವನು ಅಕ್ಕನ ಮಗನನ್ನು ಬಂಡೆಯ ಮೇಲೆ ನಿಲ್ಲಿಸಿದ.

ಆ ವರ್ಷ ಮೀನು ಹೆಚ್ಚು ಸಿಗಲಿಲ್ಲ. ಹಕ್ಕಿ ಎರಗಿದಾಗ, ಮೀನು ಮೇಲಕ್ಕೆ ಹಾರಿದಾಗ ಅಳಿಯ ಬಟ್ಟೆ ಬೀಸುತ್ತಿದ್ದ. ಉಳಿದ ದಿನ ಸುಮ್ಮನೆ ನಿಲ್ಲುತ್ತಿದ್ದ. ತಂಡೇಲ ಎರಡನೆಯ ಅಳಿಯನನ್ನು ಹತ್ತಿಸಿದ. ಮೀನು ಸಿಗಲಿಲ್ಲ. ಮೂರನೆಯವನನ್ನು ಹತ್ತಿಸಿದ. ಕೊನೆಗೆ ಐವರು ಅಳಿಯಂದಿರೂ ಬಂಡೆಯ ಮೇಲೆ ಸಾಲಾಗಿ ನಿಂತರು, ತಂತಿಯ ಮೇಲೆ ಕಾಗೆ ನಿಂತ ಹಾಗೆ. ಐವರೂ ಒಂದೇ ಮಾತು ಹೇಳುತ್ತಿದ್ದರು. ಮೀನಿಲ್ಲ. ತಂಡೇಲನಿಗೆ ಸಮಾಧಾನ. ಒಬ್ಬ ತಪ್ಪಬಹುದು, ಐವರು ತಪ್ಪುತ್ತಾರೆಯೇ ಎಂದ.

ಆ ದಡದಲ್ಲಿ ಒಬ್ಬ ಬುಟ್ಟಿ ಹೊರುವ ಹೆಂಗಸಿದ್ದಳು. ಘಟ್ಟದ ಮೇಲಿಂದ ಮದುವೆಯಾಗಿ ಬಂದವಳು. ಖಾಲಿ ಬುಟ್ಟಿ ಇಟ್ಟುಕೊಂಡು ಅವಳೂ ನೀರು ನೋಡುತ್ತಿದ್ದಳು. ಒಂದು ದಿನ ಅಲ್ಲಿ ನೀರು ಕೆಂಪಾಗಿದೆ ಎಂದಳು. ಯಾರೂ ಕೇಳಲಿಲ್ಲ. ಮರುದಿನ ಮತ್ತೆ ಎಂದಳು. ಅಳಿಯಂದಿರು ಬಂಡೆಯ ಮೇಲಿಂದಲೇ ನಕ್ಕರು. ಕೆರೆಯಲ್ಲಿ ಎಮ್ಮೆ ತೊಳೆದವಳಿಗೆ ಕಡಲಿನ ಬಣ್ಣ ಗೊತ್ತಂತೆ ಎಂದರು. ಮೂರನೆಯ ದಿನ ತಂಡೇಲ ಅವಳನ್ನು ದಡದಿಂದ ಓಡಿಸಿದ. ಐದು ಜನರ ಮಾತಿನ ಎದುರು ಒಬ್ಬಳ ಮಾತು ನಿಂತರೆ ತಂಡ ಒಡೆಯುತ್ತದೆ ಎಂದ.

ಅವಳು ಅತ್ತುಕೊಂಡು ಮನೆಗೆ ಹೋದಳು ಎಂದು ನೀನು ತಿಳಿದರೆ ತಪ್ಪು. ಅವಳು ದಡದ ಇನ್ನೊಂದು ಕೊನೆಗೆ ಹೋದಳು. ಅಲ್ಲಿ ಒಂದು ಗುಡ್ಡೆ ಇತ್ತು. ಮುಳ್ಳು ತುಂಬಿದ್ದು, ಯಾರ ಮನೆಗೂ ಸೇರದ್ದು. ಹತ್ತಿದಳು. ತಲೆಯ ಮೇಲಿನ ಸಿಂಬಿಯನ್ನು ಬಿಚ್ಚಿದಳು. ಬುಟ್ಟಿಯ ಕೆಳಗೆ ಇಟ್ಟುಕೊಳ್ಳುವ ಸುತ್ತಿದ ಬಟ್ಟೆ, ಬಿಚ್ಚಿದರೆ ನಾಲ್ಕು ಮೊಳ. ಅದನ್ನು ಬೀಸಿದಳು.

ದೋಣಿಯವರಿಗೆ ಎರಡು ಕಡೆ ಕಂಡಿತು. ಬಂಡೆಯ ಮೇಲೆ ಐವರು ಕೈ ಕಟ್ಟಿ ನಿಂತಿದ್ದಾರೆ. ಗುಡ್ಡೆಯ ಮೇಲೆ ಒಂದು ಬಟ್ಟೆ ಹಾರುತ್ತಿದೆ. ಚುಕ್ಕಾಣಿ ಹಿಡಿದವನಿಗೆ ಸಾಕಾಗಿಹೋಗಿತ್ತು. ಆ ಐವರು ಒಂದೂವರೆ ತಿಂಗಳಿಂದ ಏನೂ ಹೇಳಲಿಲ್ಲ, ಇದು ಏನಾದರೂ ಹೇಳುತ್ತಿದೆಯಲ್ಲ ಎಂದು ದೋಣಿ ತಿರುಗಿಸಿದ.

ಬಲೆ ಎಳೆಯಲು ಊರಿನ ಗಂಡಸರು ಸಾಲಲಿಲ್ಲ. ಹೆಂಗಸರು ಹಗ್ಗ ಹಿಡಿದರು. ಜೋಯಿಸರೂ ಹಿಡಿದರು. ದಾರಿಯಲ್ಲಿ ಹೋಗುತ್ತಿದ್ದ ಒಂದು ದಿಬ್ಬಣ ನಿಂತು ಹಿಡಿಯಿತು, ಮದುಮಗನೂ ಸೇರಿ. ಮುಹೂರ್ತ ತಪ್ಪಿತು, ಊಟಕ್ಕೆ ಮೀನು ತಪ್ಪಲಿಲ್ಲ.

ತಂಡೇಲ ಅವಳನ್ನು ಕರೆಸಿದ. ಸಂತೋಷಕ್ಕಿಂತ ಸಿಟ್ಟು ಮುಂದಿತ್ತು.

“ಯಾರನ್ನು ಕೇಳಿ ಹತ್ತಿದೆ?”

“ಮೀನು ಯಾರನ್ನು ಕೇಳಿ ಬಂತು?”

ಅವಳು ತಲೆ ತಗ್ಗಿಸಲಿಲ್ಲ. ದಡದವರೆಲ್ಲ ನೋಡುತ್ತಿದ್ದರು. ತಂಡೇಲ ದನಿ ಇಳಿಸಿದ. ನಿನಗೆ ಹೇಗೆ ತಿಳಿಯಿತು ಎಂದು ಕೇಳಿದ. ನೀರು ಈ ಬಣ್ಣವಾಗಿತ್ತು ಎಂದು ಅವಳು ಸೆರಗಿನ ಅಂಚು ಹಿಡಿದು ತೋರಿಸಿದಳು. ತಂಡೇಲ ಅಂಚನ್ನು ನೋಡಿದ. ಕಾಲ ಬಳಿ ಮರಳಿನ ಮೇಲೆ ಹಬ್ಬಿದ ಬಳ್ಳಿಯನ್ನು ನೋಡಿದ. ಈ ಎಲೆಯ ಬಣ್ಣವೇ ಅಲ್ಲವೇ ಎಂದ. ಯಾರೋ ನಕ್ಕರು. ಅವಳು ನಗಲಿಲ್ಲ.

ಆ ತಂಡೇಲನ ದೊಡ್ಡತನ ಇದ್ದದ್ದು ಇನ್ನು ಮುಂದೆ. ಅವನು ಅವಳ ಸೆರಗಿನ ಅಂಚಿನಿಂದ ಒಂದು ತುಂಡು ಕೇಳಿ ಹರಿಸಿಕೊಂಡ. ಒಂದು ಎಲೆ ಕಿತ್ತ. ಅಳಿಯಂದಿರನ್ನು ಒಬ್ಬೊಬ್ಬರನ್ನಾಗಿ ದೋಣಿಯ ಮರೆಗೆ ಕರೆದ. ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಬಾರದು. ಎರಡನ್ನೂ ಅಂಗೈಯಲ್ಲಿಟ್ಟು ಇವು ಯಾವ ಯಾವ ಬಣ್ಣ ಎಂದು ಕೇಳಿದ. ಎರಡೂ ಒಂದೇ ಎಂದ ಮೊದಲನೆಯವನು. ಎರಡೂ ಒಂದೇ, ಒಂದು ಸ್ವಲ್ಪ ಮಾಸಿದೆ ಎಂದ ಎರಡನೆಯವನು. ಐದನೆಯವನೂ ಅದನ್ನೇ ಹೇಳಿದ. ಆಮೇಲೆ ತಂಡೇಲ ಚುಕ್ಕಾಣಿಯವನನ್ನು, ಹಗ್ಗದವರನ್ನು, ಬುಟ್ಟಿಯ ಹೆಂಗಸರನ್ನು ಕರೆದು ಕೇಳಿದ. ಒಂದು ಕೆಂಪು, ಒಂದು ಹಸಿರು ಎಂದರು ಎಲ್ಲರೂ. ಇದನ್ನೇನು ಕೇಳುತ್ತೀರಿ ಎಂದರು.

ತಂಡೇಲ ಮರಳಿನ ಮೇಲೆ ಕೂತುಬಿಟ್ಟ. ತಾನೂ ಅದೇ ಕಣ್ಣಿನವನು. ತಾಯಿಯಿಂದ ಬಂದ ಕಣ್ಣು. ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿದ ಐವರಿಗೂ ಅದೇ ಬಂದಿದೆ. ಬಂಡೆಯ ಮೇಲೆ ಐದು ಜೋಡಿ ಕಣ್ಣು ಇಟ್ಟೆ ಎಂದುಕೊಂಡಿದ್ದ. ಇಟ್ಟದ್ದು ಒಂದೇ ಜೋಡಿ, ಐದು ಸಲ.

ಎದ್ದವನು ಅಳಿಯಂದಿರನ್ನು ಬೈಯಲಿಲ್ಲ. ಒಂದು ಮನೆಯ ಇಬ್ಬರು ಇನ್ನು ಮುಂದೆ ಒಟ್ಟಿಗೆ ಬಂಡೆ ಹತ್ತಕೂಡದು ಎಂದು ಕಟ್ಟು ಮಾಡಿದ. ಆ ಹೆಂಗಸನ್ನು ಕರೆದು ನಾಳೆಯಿಂದ ನೀನು ಹತ್ತು ಎಂದ. ಅಳಿಯಂದಿರು ಮುಖ ತಿರುಗಿಸಿದರು. ಮನೆತನದ ಮರ್ಯಾದೆ ಹೋಯಿತು ಎಂದರು. ಮೂವರು ಹಗ್ಗ ಬಿಟ್ಟು ಹೊರಟೂ ಹೋದರು. ತಂಡೇಲ ಅವರನ್ನು ತಡೆಯಲಿಲ್ಲ, ಕಟ್ಟನ್ನೂ ಸಡಿಲಿಸಲಿಲ್ಲ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜನಿಗೆ ಅಲ್ಲಿಗೆ ಮುಗಿಸಿ ಅಭ್ಯಾಸವಿಲ್ಲ. ಆ ದಿನ ನಾನೂ ದಡದಲ್ಲಿದ್ದೆ ಮಗಾ ಎಂದರು. ಕಡಲು ಈ ಕೊನೆಯಿಂದ ಆ ಕೊನೆಯವರೆಗೆ ಕೆಂಪು, ಗಿಳಿಯ ರೆಕ್ಕೆ ಹೇಗೆ ಕೆಂಪಗಿರುತ್ತದೋ ಹಾಗೆ, ಅಂಥ ಕೆಂಪನ್ನು ನನ್ನ ಈ ಎರಡು ಕಣ್ಣಿನಿಂದ ನೋಡಿದ್ದೇನೆ ಎಂದರು.

ಕತೆ ತನ್ನ ಕಡೆಗೇ ಬರುತ್ತಿದೆ ಎಂದು ಸುಗಂಧಿಗೆ ಎಮ್ಮೆಯ ಮಾತು ಬಂದಾಗಲೇ ಗೊತ್ತಾಗಿತ್ತು. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಳು. ದಾರಿ ಸಿಕ್ಕಿತು.

“ಗಿಳಿಯ ರೆಕ್ಕೆ ಹಸಿರು ಅಜ್ಜ. ಗಿಳಿಯನ್ನೇ ಕೆಂಪು ಎನ್ನುವವರನ್ನು ನಂಬಿ ನಾನು ನನ್ನ ಐವರನ್ನು ಎಬ್ಬಿಸಬೇಕೋ?”

ಅಜ್ಜ ಭುಜ ಕುಣಿಸಿದರು. ಕೆಳಗಿಟ್ಟ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

“ನನ್ನನ್ನು ನಂಬು ಎಂದವರು ಯಾರು ಮಾರಾಯ್ತಿ, ನನ್ನ ತಾಯಿ ಆ ತಂಡೇಲನ ಮನೆಯವಳು.”

ಗಾಡಿ ಬರುವ ಮುಂಚೆ ಬಲೆಯನ್ನು ದ್ಯಾಮವ್ವನ ಕೈಗೂ ಒಮ್ಮೆ ಕೊಡಲು ಸುಗಂಧಿ ಎದ್ದಳು.